‘ಟರ್ಬೋ ಹೋಗಿದೆ’ ಅಂದ ಕೂಡಲೇ ಜೇಬಿಗೆ ಕೈ ಹಾಕಬೇಡಿ!

ಹಾಸನ: ಗಾಡಿ ಏರು ಎಳೀತಿಲ್ಲ. ಪಿಕಪ್ ಸತ್ತಿದೆ. ಹಿಂದಿನಿಂದ ಕರೀ ಹೊಗೆ. ಗ್ಯಾರೇಜಿಗೆ ಒಯ್ದರೆ ಮಿಸ್ತ್ರಿ ಬಾನೆಟ್ ಎತ್ತಿ, ಅರ್ಧ ನಿಮಿಷ ಕಿವಿಗೊಟ್ಟು, ಬನಿಯನ್ ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಹೇಳೋದು ಒಂದೇ ಮಾತು: “ಟರ್ಬೋ ಹೋಗಿದೆ ಸಾರ್. ಹೊಸದು ಹಾಕ್ಬೇಕು.”

ಬಿ.ಎಂ. ರಸ್ತೆಯ ಗ್ಯಾರೇಜುಗಳಲ್ಲಿ, ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ, ಟೀ ಅಂಗಡಿ ಬೆಂಚಿನ ಮೇಲೆ ಈ ಮಾತು ಈಗ ನೆಗಡಿ ಕೆಮ್ಮಿನಷ್ಟು ಸಾಮಾನ್ಯವಾಗಿಬಿಟ್ಟಿದೆ. ಆದರೆ ನೆಗಡಿಗೆ ಒಂದು ಮಾತ್ರೆ, ಒಂದು ಲೋಟ ಕಷಾಯ ಸಾಕು. ಟರ್ಬೋಗೆ ಹತ್ತಾರು ಸಾವಿರ ಎಣಿಸಬೇಕು. ಬ್ಯಾಂಕಿನ ಕಂತು ಕಟ್ಟಿಕೊಂಡು ಟ್ಯಾಕ್ಸಿ ಓಡಿಸೋನಿಗೆ, ಅಂಗಡಿಗೆ ಸರಕು ತರೋಕೆ ಇರೋದೇ ಒಂದು ಗೂಡ್ಸ್ ಗಾಡಿ ಅನ್ನೋ ವ್ಯಾಪಾರಿಗೆ, ಇದು ಒಂದು ಹಬ್ಬದ ಗಳಿಕೆಯನ್ನೇ ನುಂಗೋ ಖರ್ಚು.

ಅಷ್ಟು ದುಡ್ಡು ಸುರಿದ ಮೇಲೂ ಕೆಲವು ಗಾಡಿಗಳು ಸರಿಹೋಗಿಲ್ಲ. ಯಾಕೆಂದರೆ ಕೆಟ್ಟದ್ದು ಟರ್ಬೋ ಅಲ್ಲವೇ ಅಲ್ಲ! ಟರ್ಬೋದಿಂದ ಇಂಜಿನ್ನಿಗೆ ಗಾಳಿ ಒಯ್ಯೋ ರಬ್ಬರ್ ಪೈಪು ಸೀಳಿರ್ತದೆ. ಇಲ್ಲವೇ ಪೆನ್ಸಿಲ್ಲಿಗಿಂತ ಸಣ್ಣದೊಂದು ವ್ಯಾಕ್ಯೂಮ್ ಪೈಪನ್ನು ಇಲಿ ಕಡಿದಿರ್ತದೆ. ಕಳ್ಳ ಬೇರೆ, ಲಾಠಿ ಏಟು ತಿಂದವನು ಬೇರೆ.

ಏನಿದು ಟರ್ಬೋ?

ಸೈಲೆನ್ಸರ್ ಕಡೆಗೆ ಹೋಗೋ ಬಿಸಿ ಹೊಗೆಗೆ ರಭಸ ಇರ್ತದೆ. ಅದನ್ನು ಸುಮ್ಮನೆ ಬೀದಿಗೆ ಬಿಡೋ ಬದಲು ಒಂದು ಪುಟ್ಟ ಚಕ್ರದ ಮೇಲೆ ಹಾಯಿಸಿದರೆ ಚಕ್ರ ತಿರುಗ್ತದೆ. ಅದೇ ದಂಡಕ್ಕೆ ಆ ತುದಿಯಲ್ಲಿ ಇನ್ನೊಂದು ಚಕ್ರ. ಅದು ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಇಂಜಿನ್ನಿಗೆ ತುಂಬ್ತದೆ. ಗಾಳಿ ಜಾಸ್ತಿ ಹೋದಷ್ಟೂ ಡೀಸೆಲ್ ಜಾಸ್ತಿ ಸುಡಬಹುದು, ಶಕ್ತಿ ಜಾಸ್ತಿ. ನೀರಿನ ಗಿರಣಿಯ ತತ್ವವೇ, ನೀರಿನ ಬದಲು ಹೊಗೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ ಅನ್ನೋ ಇಂಜಿನಿಯರ್ 1905ರಲ್ಲೇ ಇದಕ್ಕೆ ಪೇಟೆಂಟ್ ತಗೊಂಡಿದ್ದ. ಮೊದಲು ಹಡಗು, ರೈಲು, ವಿಮಾನ. 1962ರಲ್ಲಿ ಅಮೆರಿಕದ ಮಾರುಕಟ್ಟೆಯ ಪೆಟ್ರೋಲ್ ಕಾರು. 1978ರಲ್ಲಿ ಜರ್ಮನಿಯ ಬೆಂಝ್ ಡೀಸೆಲ್ ಕಾರು.

ಇವತ್ತು ನೀವು ನಮ್ಮ ಬಸ್ ನಿಲ್ದಾಣದಲ್ಲಿ ಹತ್ತೋ ಡೀಸೆಲ್ ಬಸ್ಸಿನಲ್ಲೂ ಇದೇ ಯಂತ್ರ ಇದೆ. ಇಂಜಿನ್ ಹತ್ತಿರದ ಸೀಟು ಸಿಕ್ಕಿದವರು ಕಿವಿಗೊಡಿ. ಏರಿನಲ್ಲಿ ಡ್ರೈವರ್ ಕಾಲು ಒತ್ತಿದಾಗ ಇಂಜಿನ್ನಿನ ಗುಡುಗಿನ ಹಿಂದೆ ‘ಸುಂಯ್’ ಅಂತ ಒಂದು ಸಣ್ಣ ಸೀಟಿ ಕೇಳ್ತದೆ. ಅದೇ ಈ ಚಕ್ರ.

ತಿರುಗೋ ವೇಗ ಕೇಳಿದರೆ ತಲೆ ತಿರುಗಬೇಕು. ಮನೆಯ ಸೀಲಿಂಗ್ ಫ್ಯಾನು ಜೋರಾಗಿ ಇಟ್ಟಾಗ ನಿಮಿಷಕ್ಕೆ 350ರ ಆಸುಪಾಸು ಸುತ್ತು. ಸಣ್ಣ ಕಾರಿನ ಟರ್ಬೋ ನಿಮಿಷಕ್ಕೆ 2 ಲಕ್ಷ ಸುತ್ತಿನವರೆಗೂ ಹೋಗ್ತದೆ. ಒಂದು ಬದಿಯಲ್ಲಿ ಕೆಂಡದಂಥ ಹೊಗೆ, ಇನ್ನೊಂದು ಬದಿಯಲ್ಲಿ ಹೊರಗಿನ ಗಾಳಿ, ನಡುವೆ ದಂಡವನ್ನು ಹಿಡಿದಿರೋದು ಇಂಜಿನ್ ಆಯಿಲಿನ ಒಂದು ತೆಳು ಪೊರೆ ಮಾತ್ರ. ಈ ಆಯಿಲಿನ ಮಾತನ್ನು ನೆನಪಿಡಿ, ಮುಂದೆ ಬರ್ತದೆ.

ಗುಂಡ್ಯದಲ್ಲಿ ಕೈಕೊಟ್ಟ ಟ್ಯಾಕ್ಸಿ

ಆಯುಧ ಪೂಜೆಗೆ ಹದಿನೈದು ದಿನ ಇದ್ದಾಗಿನ ಮಾತು. ನಮ್ಮೂರಿನ ಒಬ್ಬ ಟ್ಯಾಕ್ಸಿಯವರು ಮಂಗಳೂರು ವಿಮಾನ ನಿಲ್ದಾಣದಿಂದ ನಾಲ್ಕು ಜನರನ್ನು ಕೂರಿಸಿಕೊಂಡು ವಾಪಸ್ ಬರ್ತಿದ್ದಾರೆ. ಗುಂಡ್ಯದವರೆಗೆ ಗಾಡಿ ಸರಿಯಾಗೇ ಇತ್ತು. ಶಿರಾಡಿ ಘಾಟಿ ಶುರುವಾದ ಮೇಲೆ ‘ಫಸ್’ ಅಂತ ಒಂದು ಸದ್ದು. ಆಮೇಲೆ ಮೂರನೇ ಗೇರಿನಲ್ಲಿ ಗಾಡಿ ಎಳೀತಿಲ್ಲ. ಎರಡಕ್ಕೆ ಇಳಿಸಿದರೆ ತೆವಳ್ತದೆ. ಕನ್ನಡಿಯಲ್ಲಿ ನೋಡಿದರೆ ಹಿಂದಿನ ಲಾರಿಯವನಿಗೆ ದಾರಿ ಕಾಣದಷ್ಟು ಕರೀ ಹೊಗೆ. ಮೀಟರ್ ಬೋರ್ಡಿನಲ್ಲಿ ಇಂಜಿನ್ ದೀಪ. ಸಕಲೇಶಪುರ ಮುಟ್ಟೋ ಹೊತ್ತಿಗೆ ಕೂತವರ ಮುಖ ಸಿಂಡರಿಸಿತ್ತು.

ಮಾರನೇ ದಿನ ಒಂದು ಗ್ಯಾರೇಜು. ಸ್ಕ್ಯಾನರ್ ಹಚ್ಚಿದರು, ಒಂದು ಕೋಡ್ ಬಂತು, ತೀರ್ಪೂ ಬಂತು. ಟರ್ಬೋ ಬದಲಾಯಿಸಬೇಕು, 38,000 ರೂಪಾಯಿ, ಅರ್ಧ ಅಡ್ವಾನ್ಸ್. ಆ ಮನುಷ್ಯ ಭಾವಮೈದನ ಹತ್ತಿರ ಸಾಲ ಕೇಳೋಕೆ ಹೊರಟಿದ್ದರು. ದಾರಿಯಲ್ಲಿ ಸಿಕ್ಕ ಇನ್ನೊಬ್ಬ ಡ್ರೈವರ್, “ತಡಿ ಮಾರಾಯ, ಒಂದ್ಸಲ ನಮ್ಮ ಹಳೇ ಮಿಸ್ತ್ರಿಗೆ ತೋರ್ಸು” ಅಂದ.

ಹಳೇ ಮಿಸ್ತ್ರಿ ಮೊದಲು ಕೇಳಿದ್ದು ಸ್ಕ್ಯಾನರ್ ಅಲ್ಲ, ಪ್ರಶ್ನೆ. ಒಂದೇ ಸಲ ಹೋಯ್ತೋ, ದಿನ ದಿನಕ್ಕೆ ಕಮ್ಮಿ ಆಯ್ತೋ? ಹೋದಾಗ ಸದ್ದು ಬಂತೋ? ಹೊಗೆ ಕರೀದೋ, ನೀಲಿಯೋ? ಆಯಿಲ್ ಕುಡೀತಿದೆಯೋ? ಉತ್ತರ ಕೇಳಿ ಗಾಡಿಯನ್ನು ಪಿಟ್ಟಿನ ಮೇಲೆ ನಿಲ್ಲಿಸಿ ಕೆಳಗಿಳಿದರು. ಟರ್ಬೋದಿಂದ ಹೊರಟ ಬಿಸಿ ಗಾಳಿಯನ್ನು ತಣ್ಣಗೆ ಮಾಡೋ ಇಂಟರ್‌ಕೂಲರ್ ಅಂತ ಒಂದು ರೇಡಿಯೇಟರಿನಂಥ ಪೆಟ್ಟಿಗೆ ಇರ್ತದೆ. ಅದಕ್ಕೆ ಸೇರೋ ದಪ್ಪ ರಬ್ಬರ್ ಪೈಪಿನ ಕೆಳಮಗ್ಗುಲಲ್ಲಿ ಆಯಿಲ್ ಒರೆಸಿದ ಹಾಗೆ ಕಪ್ಪು ಮಸಿ ಹತ್ತಿತ್ತು. ಬೆರಳಿನಿಂದ ಒತ್ತಿ ಹಿಗ್ಗಿಸಿದರು. ಬಾಯಿ ತೆರೀತು ನೋಡಿ, ಒಂದೂವರೆ ಇಂಚಿನ ಸೀಳು! ಬಾನೆಟ್ ಎತ್ತಿ ಮೇಲಿಂದ ನೋಡಿದವರಿಗೆ ಅದು ಜನ್ಮದಲ್ಲಿ ಕಾಣ್ತಿರಲಿಲ್ಲ. ಗಾಡಿ ಸುಮ್ಮನೆ ನಿಂತಾಗ ಸೀಳು ಮುಚ್ಚಿಕೊಳ್ತದೆ. ಒತ್ತಡ ಬಂದಾಗ ಮಾತ್ರ ತೆರೆದುಕೊಳ್ತದೆ.

ಹೊಸ ಪೈಪು, ಎರಡು ಕ್ಲಿಪ್ಪು, ಕೂಲಿ, ಎಲ್ಲಾ ಸೇರಿ ಎರಡು ಸಾವಿರವೂ ಆಗಲಿಲ್ಲ. ಆಯುಧ ಪೂಜೆಗೆ ಗಾಡಿ ಬಾಳೆಕಂದು ಕಟ್ಟಿಕೊಂಡು ಸ್ಟ್ಯಾಂಡಿನಲ್ಲೇ ನಿಂತಿತ್ತು.

ಮೊದಲನೇ ಗ್ಯಾರೇಜಿನವರು ಮೋಸಗಾರರೇ? ನಾವು ಹಾಗನ್ನೋದಿಲ್ಲ. ತಪ್ಪಿನಲ್ಲಿ ನಮ್ಮ ಜನದ್ದೂ ಒಂದು ಪಾಲಿದೆ. ಹೊಸ ಸಾಮಾನು ಹಾಕಿದರೆ ತುಟಿ ಪಿಟಕ್ಕೆನ್ನದೆ ದುಡ್ಡು ಕೊಡ್ತೇವೆ. ಎರಡು ಗಂಟೆ ಗಾಡಿ ಕೆಳಗೆ ಮಲಗಿ ರೋಗ ಹುಡುಕಿ, “ಐನೂರು ಕೊಡಿ” ಅಂದರೆ, “ನೋಡಿದ್ದಕ್ಕೂ ದುಡ್ಡಾ?” ಅಂತ ಜಗಳಕ್ಕೆ ಹೋಗ್ತೇವೆ. ಹುಡುಕಿದ್ದಕ್ಕೆ ಕಾಸಿಲ್ಲ, ಬದಲಾಯಿಸಿದ್ದಕ್ಕೆ ಮಾತ್ರ ಕಾಸು ಅಂದರೆ ಗ್ಯಾರೇಜಿನವರು ಬದಲಾಯಿಸೋದನ್ನೇ ಕಲೀತಾರೆ. ಐನೂರು ಉಳಿಸೋಕೆ ಹೋಗಿ ಮೂವತ್ತೆಂಟು ಸಾವಿರ ಕೊಡೋ ಜಾಣತನ ನಮ್ಮದು!

ಕೋಡ್ ಹೇಳೋದೇನು?

ಸ್ಕ್ಯಾನರಿನಲ್ಲಿ ಹೆಚ್ಚಾಗಿ ಬರೋ ಕೋಡು ಪಿ 0299. ಇದನ್ನು ತೋರಿಸಿ “ನೋಡಿ ಸಾರ್, ಕಂಪ್ಯೂಟರೇ ಹೇಳ್ತಿದೆ” ಅಂತಾರೆ. ಕಂಪ್ಯೂಟರ್ ಹಾಗೆ ಹೇಳೋದಿಲ್ಲ. ‘ನಾನು ಕೇಳಿದಷ್ಟು ಗಾಳಿ ಒತ್ತಡ ಬರಲಿಲ್ಲ’ ಅನ್ನೋದಷ್ಟೇ ಅದರ ದೂರು. ಥರ್ಮಾಮೀಟರ್ 102 ತೋರಿಸಿದರೆ ಜ್ವರ ಇದೆ ಅಂತ ಗೊತ್ತಾಗ್ತದೆ. ಟೈಫಾಯಿಡೋ ಮಲೇರಿಯಾವೋ ಡಾಕ್ಟರು ಹುಡುಕಬೇಕು. ಇದಕ್ಕೆ ಎದುರಾದದ್ದು ಪಿ 0234, ಅಂದರೆ ಕೇಳಿದ್ದಕ್ಕಿಂತ ಜಾಸ್ತಿ ಒತ್ತಡ.

ಕೋಡಿಗಿಂತ ಉಪಯೋಗದ್ದು ಗಾಡಿ ಓಡ್ತಿರುವಾಗ ಅದೇ ಸ್ಕ್ಯಾನರ್ ತೋರಿಸೋ ಎರಡು ಅಂಕಿ. ಕಂಪ್ಯೂಟರ್ ಕೇಳಿದ ಒತ್ತಡ ಎಷ್ಟು, ನಿಜಕ್ಕೂ ಬಂದದ್ದು ಎಷ್ಟು. ಎರಡೂ ಜೊತೆಜೊತೆಗೆ ಏರಿದರೆ ಟರ್ಬೋ ಗಟ್ಟಿಮುಟ್ಟಾಗಿದೆ, ರೋಗ ಬೇರೆ ಕಡೆ. ಆದರೆ ಇದನ್ನು ಶೆಡ್ಡಿನಲ್ಲಿ ನಿಲ್ಲಿಸಿಕೊಂಡು ನೋಡೋಕೆ ಆಗಲ್ಲ. ನಿಂತ ಗಾಡಿಗೆ ಆಕ್ಸಿಲರೇಟರ್ ಒತ್ತಿ ‘ರೊಂಯ್ ರೊಂಯ್’ ಅನ್ನಿಸಿದರೆ ಸದ್ದು ಬರ್ತದೆಯೇ ಹೊರತು ಭಾರ ಬೀಳೋದಿಲ್ಲ. ಭಾರ ಇಲ್ಲದೆ ಹೊಗೆಗೆ ರಭಸ ಇಲ್ಲ. ರಭಸ ಇಲ್ಲದೆ ಟರ್ಬೋ ಪೂರ್ತಿ ಕೆಲಸ ಮಾಡೋದಿಲ್ಲ. ಏರು ರಸ್ತೆಗೆ ಒಯ್ದು, ಮೂರನೇ ಗೇರಿನಲ್ಲಿ, ಕಾಲು ಪೂರ್ತಿ ಒತ್ತಿ, ಒಬ್ಬ ಓಡಿಸಬೇಕು, ಇನ್ನೊಬ್ಬ ಅಂಕಿ ನೋಡಬೇಕು. ಓಡಿಸೋನೇ ಸ್ಕ್ಯಾನರೂ ನೋಡಿದರೆ ಮೋರಿಗೆ ಹೋಗ್ತಾನೆ.

ಮಂಗಳೂರಿನ ಲೆಕ್ಕ ಹಾಸನಕ್ಕೆ ನಡೆಯೋಲ್ಲ

ಇನ್ನೊಂದು ಸ್ವಾರಸ್ಯ ಇದೆ. ಇಂಜಿನ್ನಿನ ಒತ್ತಡ ಅಳೆಯೋ ಸೆನ್ಸಾರು ಹೊರಗಿನ ಗಾಳಿಯ ಒತ್ತಡವನ್ನೂ ಸೇರಿಸಿಯೇ ಹೇಳ್ತದೆ. ಮಂಗಳೂರಿನಲ್ಲಿ, ಸಮುದ್ರ ಮಟ್ಟದಲ್ಲಿ, ಇಂಜಿನ್ ಆಫ್ ಮಾಡಿ ಕೀ ಮಾತ್ರ ಆನ್ ಇಟ್ಟರೆ ಸ್ಕ್ಯಾನರ್ 101 ಕಿಲೋಪಾಸ್ಕಲ್ ಆಸುಪಾಸು ತೋರಿಸಬೇಕು. ಅದೇ ಗಾಡಿ ಹಾಸನಕ್ಕೆ ಬಂದರೆ 90ರ ಆಸುಪಾಸು. ಘಟ್ಟದ ಮೇಲೆ ನಾವು ಸಮುದ್ರ ಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದ್ದೇವೆ, ಗಾಳಿ ಅಷ್ಟು ತೆಳು.

ಇದು ತಿಳಿಯದೆ ಎರಡು ರೀತಿ ಎಡವಟ್ಟಾಗ್ತದೆ. ‘ನೂರು ಇರಬೇಕಿತ್ತು, ತೊಂಬತ್ತು ಇದೆ, ಸೆನ್ಸಾರ್ ಹೋಗಿದೆ’ ಅಂತ ಹೊಸ ಸೆನ್ಸಾರ್ ಹಾಕಿಸೋದು ಒಂದು. ಇಂಜಿನ್ನೇ ಶುರು ಮಾಡದೆ ‘ಟರ್ಬೋ 90 ಕೊಡ್ತಿದೆ’ ಅಂತ ಖುಷಿ ಪಡೋದು ಇನ್ನೊಂದು! ಓಡುವಾಗ 200 ತೋರಿಸಿದರೆ ಅದರಲ್ಲಿ 90 ಹೊರಗಿನ ಗಾಳಿಯದ್ದು, ಮಿಕ್ಕ 110 ಟರ್ಬೋದ ದುಡಿಮೆ. ಟಯರ್ ಅಂಗಡಿ ಭಾಷೆಯಲ್ಲಿ 16 ಪೌಂಡು, ಅಂದರೆ ಕಾರಿನ ಚಕ್ರಕ್ಕೆ ಹೊಡೆಸೋ ಗಾಳಿಯ ಸುಮಾರು ಅರ್ಧ. ಸಣ್ಣ ಡೀಸೆಲ್ ಕಾರಿಗೆ ಭಾರದಲ್ಲಿ ಇಷ್ಟೋ ಇದಕ್ಕಿಂತ ಜಾಸ್ತಿಯೋ ಬರಬೇಕು. ಸರಿಯಾದ ಅಂಕಿ ಆಯಾ ಗಾಡಿಯ ಕೈಪಿಡಿಯಲ್ಲಿರ್ತದೆ. ಒಂದು ಗಾಡಿಯ ಅಂಕಿಯನ್ನು ಇನ್ನೊಂದಕ್ಕೆ ಹಚ್ಚಬಾರದು.

ಗಾಡಿ ಒಂದೇ ಥರ ಕಂಡರೂ ಟರ್ಬೋ ಬೇರೆ ಇರಬಹುದು. ನಮ್ಮ ಟ್ಯಾಕ್ಸಿಗಳಲ್ಲಿ ಎಷ್ಟೋ ಗಾಡಿಗಳಿಗೆ ಇರೋದು ಫಿಯೆಟ್ ಕಂಪನಿಯ 1,248 ಸಿಸಿ ಡೀಸೆಲ್ ಇಂಜಿನ್. ಮಾರುತಿಯವರು 2020ರ ಏಪ್ರಿಲ್‌ನಲ್ಲಿ ಡೀಸೆಲ್ ಕಾರು ನಿಲ್ಲಿಸಿದರೂ ಹಳೇ ಗಾಡಿಗಳು ರಸ್ತೆಯಲ್ಲಿವೆ. ಅದೇ ಇಂಜಿನ್ನು ಒಂದು ಕಾರಿನಲ್ಲಿ 75 ಅಶ್ವಶಕ್ತಿ, ಇನ್ನೊಂದರಲ್ಲಿ 90. ವ್ಯತ್ಯಾಸದ ದೊಡ್ಡ ಪಾಲು ಟರ್ಬೋದ್ದು. 75ರದ್ದು ಸಾದಾ ಟರ್ಬೋ, ಒತ್ತಡ ಮಿತಿ ದಾಟಿದರೆ ಒಂದು ಬಾಗಿಲು ತೆರೆದು ಹೊಗೆಯನ್ನು ಪಕ್ಕಕ್ಕೆ ಬಿಡ್ತದೆ. 90ರದ್ದರ ಒಳಗೆ ಸಣ್ಣ ಸಣ್ಣ ರೆಕ್ಕೆಗಳು, ಕಿಟಕಿ ಪಟ್ಟಿಯ ಹಾಗೆ ತೆರೆದು ಮುಚ್ಚಿಕೊಳ್ತವೆ. ಮಸಿ ಕಟ್ಟಿ ರೆಕ್ಕೆ ಹಿಡಿದುಕೊಳ್ಳೋದು ಈ ಎರಡನೇ ಜಾತಿಯ ಕಾಯಿಲೆ.

ಮೊದಲು ಕಾಸಿಲ್ಲದ ಪರೀಕ್ಷೆ

ಪಿಕಪ್ ಇಲ್ಲ ಅಂದ ಕೂಡಲೇ ಟರ್ಬೋ ಕಡೆ ಓಡೋ ಮುಂಚೆ ಕ್ಲಚ್ ನೋಡಿ. ಇಂಜಿನ್ ಕೂಗ್ತದೆ, ಮುಳ್ಳು ಮೇಲೇರ್ತದೆ, ಗಾಡಿ ಮಾತ್ರ ಓಡ್ತಿಲ್ಲ ಅಂದರೆ ಅದು ಕ್ಲಚ್ ಪ್ಲೇಟಿನ ಕತೆ, ಟರ್ಬೋಗೂ ಅದಕ್ಕೂ ಸಂಬಂಧ ಇಲ್ಲ. ಸ್ವಲ್ಪ ದೂರ ಓಡಿಸಿ ನಿಲ್ಲಿಸಿ ಚಕ್ರದ ಹತ್ತಿರ ಕೈ ಹಿಡಿದರೆ ಒಂದೇ ಚಕ್ರ ಕಾದಿದೆಯೇ? ಬ್ರೇಕು ಹಿಡಿದಿದೆ. ಹೊಗೆಯೂ ಇಲ್ಲ ಎಳೆತವೂ ಇಲ್ಲ ಅಂದರೆ ಡೀಸೆಲ್ ಫಿಲ್ಟರ್ ಕಟ್ಟಿರೋ ಅನುಮಾನವೂ ಇರಲಿ.

ಹೊಗೆಯ ಬಣ್ಣ ದೊಡ್ಡ ಸಾಕ್ಷಿ. ಕರೀ ಹೊಗೆ ಅಂದರೆ ಡೀಸೆಲ್ ಇದೆ, ಗಾಳಿ ಸಾಲದು. ಪೈಪು ಸೀಳಿರಬಹುದು, ಏರ್ ಫಿಲ್ಟರ್ ಕಟ್ಟಿರಬಹುದು. ಸೈಲೆನ್ಸರಿಗೆ ಹೋಗೋ ಹೊಗೆಯಲ್ಲಿ ಒಂದು ಪಾಲನ್ನು ಮತ್ತೆ ಇಂಜಿನ್ನಿಗೇ ಕಳಿಸೋ ಇಜಿಆರ್ ಅನ್ನೋ ವಾಲ್ವ್ ತೆರೆದೇ ನಿಂತಿರಬಹುದು. ನೀಲಿ ಹೊಗೆ ಅಂದರೆ ಆಯಿಲ್ ಸುಡ್ತಿದೆ. ಇದರಲ್ಲಿ ಟರ್ಬೋದ ಕೈವಾಡ ಇರಬಹುದು, ಇಂಜಿನ್ ರಿಂಗಿನದ್ದೂ ಇರಬಹುದು. ಆದರೆ 2020ರ ಏಪ್ರಿಲ್ ನಂತರದ ಬಿಎಸ್-6 ಡೀಸೆಲ್ ಗಾಡಿಗಳಲ್ಲಿ ಈ ಸಾಕ್ಷಿ ಸರಿಯಾಗಿ ನಡೆಯೋದಿಲ್ಲ. ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯೋ ಫಿಲ್ಟರ್ ಇರೋದರಿಂದ ಕರೀ ಹೊಗೆ ಹೊರಗೆ ಕಾಣೋದೇ ಇಲ್ಲ. ಆ ಫಿಲ್ಟರ್ರೇ ಕಟ್ಟಿಕೊಂಡರೆ ಹೊಗೆಗೆ ಹೊರಗೆ ಹೋಗೋಕೆ ದಾರಿ ಇಲ್ಲದೆ ಅದೂ ಎಳೆತ ಕೊಲ್ತದೆ.

ಏರ್ ಫಿಲ್ಟರಿನ ವಿಷಯ ಹೇಳೋಕೇ ನಾಚಿಕೆ. ರಸ್ತೆ ಅಗಲ ಮಾಡೋ ಕೆಲಸದ ಕೆಂಪು ಧೂಳು ವರ್ಷಗಟ್ಟಲೆ ಕುಡಿದ ಫಿಲ್ಟರ್ ಬಿಚ್ಚಿ ಕೊಡವಿದರೆ ಒಂದು ಹೂಕುಂಡಕ್ಕೆ ಆಗೋವಷ್ಟು ಮಣ್ಣು ಬೀಳ್ತದೆ. ಅದನ್ನೇ ಏರ್ ಹೊಡೆಸಿ ಮತ್ತೆ ಹಾಕ್ತಾರೆ. ಹೊಸದರ ಬೆಲೆ ಒಂದು ಹೊತ್ತಿನ ಹೋಟೆಲ್ ಬಿಲ್ಲು.

ಪಂಕ್ಚರ್ ಅಂಗಡಿಯ ಬುದ್ಧಿ

ಪೈಪು ಸೋರ್ತದೆಯೋ ಇಲ್ಲವೋ ಕಂಡುಹಿಡಿಯೋಕೆ ದೊಡ್ಡ ವಿದ್ಯೆ ಬೇಡ. ಪಂಕ್ಚರ್ ಹುಡುಗ ಏನು ಮಾಡ್ತಾನೆ? ಟ್ಯೂಬಿಗೆ ಗಾಳಿ ತುಂಬಿ ನೀರಿನ ತೊಟ್ಟಿಗೆ ಅದ್ದಿ ಗುಳ್ಳೆ ನೋಡ್ತಾನೆ. ಇಲ್ಲೂ ಅದೇ. ಇಂಜಿನ್ ಆಫ್ ಮಾಡಿ, ಟರ್ಬೋಗೆ ಗಾಳಿ ಹೋಗೋ ಬಾಯಿಯನ್ನು ಒಂದು ಬಿರಡೆಯಿಂದ ಮುಚ್ಚಿ, ಆ ಬಿರಡೆಯ ಮೂಲಕ ಅಳತೆ ನೋಡಿಕೊಂಡು ಸ್ವಲ್ಪವೇ ಗಾಳಿ ಬಿಟ್ಟು, ಎಲ್ಲಾ ಜೋಡಣೆಯ ಮೇಲೆ ಸೋಪಿನ ನೀರು ಸವರಿದರೆ ಸೋರೋ ಕಡೆ ಗುಳ್ಳೆ ಏಳ್ತದೆ. ಲಾರಿ ಟಯರಿಗೆ ಹೊಡೆಯೋ ಹಾಗೆ ಕಂಪ್ರೆಸರ್ ಪೂರ್ತಿ ಬಿಟ್ಟರೆ ಮಾತ್ರ ಬಿರಡೆ ಬಂದೂಕಿನ ಗುಂಡಿನ ಹಾಗೆ ಹಾರಿ ಮುಖಕ್ಕೆ ಬಡೀತದೆ. ಹೊಗೆ ಬಿಟ್ಟು ನೋಡೋ ಮೆಷಿನ್ನೂ ಈಗ ಬಂದಿದೆ. ಪೈಪಿನೊಳಗೆ ಹೊಗೆ ತುಂಬಿದರೆ ಎಲ್ಲಿಂದ ನುಸುಳ್ತದೋ ಅಲ್ಲೇ ರೋಗ.

ಒಂದು ಎಚ್ಚರಿಕೆ. ಪೈಪಿನ ಒಳಗೆ ಆಯಿಲಿನ ತೆಳು ಪಸೆ ಇದ್ದರೆ ಹೆದರಬೇಕಾಗಿಲ್ಲ. ಇಂಜಿನ್ನಿನ ಹೊಟ್ಟೆಯ ಆವಿ ಆ ದಾರಿಯಲ್ಲೇ ಬರೋದರಿಂದ ಅಷ್ಟು ಪಸೆ ಸಹಜ. ‘ನೋಡಿ ಆಯಿಲ್! ಟರ್ಬೋ ಸೀಲ್ ಒಡೆದಿದೆ’ ಅಂತ ಬೆರಳು ತೋರಿಸಿ ಹೆದರಿಸೋದು ಹಳೇ ಆಟ. ಪೈಪು ಬಿಚ್ಚಿದರೆ ಲೋಟಗಟ್ಟಲೆ ಸುರಿದಾಗ ಮಾತ್ರ ಹೆದರಿ.

ಆಮೇಲೆ ವ್ಯಾಕ್ಯೂಮ್ ಪೈಪು. ಹಲವು ಗಾಡಿಗಳಲ್ಲಿ ಟರ್ಬೋವನ್ನು ನಿಯಂತ್ರಿಸೋ ಸರಳನ್ನು ಎಳೆಯೋದು ಒಂದು ಡಬ್ಬಿ, ಡಬ್ಬಿಯನ್ನು ಎಳೆಯೋದು ಸಣ್ಣ ಪೈಪಿನಲ್ಲಿ ಬರೋ ನಿರ್ವಾತ. ಆ ಪೈಪು ಬಿಸಿಗೆ ಬಿರಿತದೆ. ಕಾಫಿ, ಮೆಣಸು, ಭತ್ತದ ಗೋದಾಮಿನ ಪಕ್ಕ ಗಾಡಿ ನಿಲ್ಲಿಸೋ ಸಕಲೇಶಪುರ, ಬೇಲೂರು ಕಡೆಯವರಿಗೆ ಇಲಿಯ ಕಾಟ ಗೊತ್ತೇ ಇದೆ. ಕೈಪಂಪು ಹಚ್ಚಿ ಎಳೆದರೆ ಸರಳು ನಯವಾಗಿ ಸರಿಯಬೇಕು, ಪಂಪು ನಿಲ್ಲಿಸಿದರೆ ಅಲ್ಲೇ ನಿಂತಿರಬೇಕು. ಸರಿದು ಮತ್ತೆ ಬಿದ್ದರೆ ಡಬ್ಬಿಯೋ ಪೈಪೋ ತೂತು. ಜರ್ಕು ಹೊಡೆದು ಸರಿದರೆ ಒಳಗಿನ ರೆಕ್ಕೆಗೆ ಮಸಿ. ಹೊಸ ಪೆಟ್ರೋಲ್ ಟರ್ಬೋ ಕಾರುಗಳಲ್ಲಿ ಈ ಕೆಲಸಕ್ಕೆ ಕರೆಂಟಿನ ಮೋಟಾರು ಇರೋದೂ ಉಂಟು, ಅದನ್ನು ಸ್ಕ್ಯಾನರಿನಿಂದಲೇ ಆಡಿಸಿ ನೋಡಬೇಕು.

“ಏರಿನಲ್ಲಿ ಹೋಗ್ತದೆ ಸಾರ್, ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸರಿ” ಅನ್ನೋ ದೂರು ಕೇಳಿದ್ದೀರಾ? ಇದು ಕಂಪ್ಯೂಟರ್ ಹೆದರಿ ಶಕ್ತಿ ಇಳಿಸಿದ ಗುರುತು. ರೆಕ್ಕೆ ಹಿಡಿದುಕೊಂಡು ಒತ್ತಡ ಮಿತಿ ಮೀರಿದಾಗಲೂ ಹೀಗಾಗ್ತದೆ. ಊರೊಳಗೇ ನಿಧಾನವಾಗಿ ಓಡೋ ಗಾಡಿಗಳಲ್ಲಿ ಮಸಿ ಬೇಗ ಕಟ್ಟೋದರಿಂದ ಇದು ಜಾಸ್ತಿ. ಬಿಚ್ಚಿ ತೊಳೆದು ಸರಿಮಾಡಿದ ಉದಾಹರಣೆಗಳು ಬೇಕಾದಷ್ಟಿವೆ.

ನಿಜವಾಗಿಯೂ ಹೋಗಿದ್ದರೆ?

ಟರ್ಬೋ ಹೋಗೋದೇ ಇಲ್ಲ ಅಂತ ನಾವು ಹೇಳ್ತಿಲ್ಲ. ಹೋಗ್ತದೆ. ತಣ್ಣಗಾದ ಗಾಡಿಯಲ್ಲಿ ಗಾಳಿಯ ಪೈಪು ಬಿಚ್ಚಿ ದಂಡವನ್ನು ಬೆರಳಿನಲ್ಲಿ ಹಿಡಿದು ಆಡಿಸಿ ನೋಡಬೇಕು. ಅಡ್ಡಡ್ಡಕ್ಕೆ ಕೂದಲೆಳೆಯಷ್ಟು ಅಲುಗಾಟ ಸಹಜ, ಯಾಕೆಂದರೆ ಅದು ಆಯಿಲಿನ ಪೊರೆಯ ಮೇಲೆ ತೇಲೋ ದಂಡ, ಆಗ ಪೊರೆ ಇರೋದಿಲ್ಲ. ಈ ಸಹಜ ಅಲುಗಾಟವನ್ನೇ ತೋರಿಸಿ ಟರ್ಬೋ ಮಾರಿದವರಿದ್ದಾರೆ. ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗೋ ಹಾಗೆ ಆಡಿದರೆ, ರೆಕ್ಕೆ ತುದಿ ಗೋಡೆಗೆ ಉಜ್ಜಿದ ಗುರುತಿದ್ದರೆ, ರೆಕ್ಕೆ ಮುರಿದಿದ್ದರೆ, ಆಗ ಹೌದು, ಹೋಗಿದೆ. ಇಂಜಿನ್ ಓಡ್ತಿರುವಾಗ ಅಲ್ಲಿಗೆ ಬೆರಳು ಒಯ್ದರೆ ಬೆರಳು ಮನೆಗೆ ವಾಪಸ್ ಬರೋದಿಲ್ಲ.

ಹೋಗಿದೆ ಅಂತ ಖಾತ್ರಿ ಆದ ಮೇಲೆ ಕೇಳಬೇಕಾದ್ದು ಬೆಲೆ ಅಲ್ಲ. ಯಾಕೆ ಹೋಯ್ತು? ಮುಕ್ಕಾಲು ಪಾಲು ಜನ ಈ ಪ್ರಶ್ನೆ ಕೇಳೋದೇ ಇಲ್ಲ. ಇದೇ ಜಿಲ್ಲೆಯ ಒಬ್ಬ ವ್ಯಾಪಾರಿ ಸರಕಿನ ಗಾಡಿಗೆ ಹೊಸ ಟರ್ಬೋ ಹಾಕಿಸಿದರು. ಮೂರು ವಾರಕ್ಕೆ ಅದೂ ಸತ್ತಿತು. ಅಂಗಡಿಯವನು ‘ನಮ್ಮ ಸಾಮಾನು ಸರಿ ಇದೆ, ಫಿಟ್ಟಿಂಗ್ ಸರಿ ಇಲ್ಲ’ ಅಂದ, ಗ್ಯಾರೇಜಿನವನು ‘ಫಿಟ್ಟಿಂಗ್ ಸರಿ ಇದೆ, ಸಾಮಾನು ಡೂಪ್ಲಿಕೇಟ್’ ಅಂದ. ಕಡೆಗೆ ಸಿಕ್ಕ ಕಾರಣ ಇಂಜಿನ್ನಿನಿಂದ ಟರ್ಬೋಗೆ ಆಯಿಲ್ ಒಯ್ಯೋ ಬೆರಳು ಗಾತ್ರದ ಪೈಪು. ಒಳಗೆ ಸುಟ್ಟ ಆಯಿಲ್ ಕಲ್ಲಾಗಿ ಕಟ್ಟಿತ್ತು. ಹಳೇ ಟರ್ಬೋವನ್ನು ಕೊಂದ ಪೈಪನ್ನೇ ಹೊಸದಕ್ಕೂ ಜೋಡಿಸಿದ್ದರು! ನಿಮಿಷಕ್ಕೆ ಲಕ್ಷ ಮೀರಿ ತಿರುಗೋ ದಂಡಕ್ಕೆ ಆಯಿಲ್ ಸ್ವಲ್ಪ ಹೊತ್ತು ತಪ್ಪಿದರೂ ಕತೆ ಮುಗೀತು.

ಆದ್ದರಿಂದ ಟರ್ಬೋ ಬದಲಾಯಿಸುವಾಗ ಆಯಿಲ್ ಬರೋ ಪೈಪು ಹೊಸದಾಗಬೇಕು, ವಾಪಸ್ ಹೋಗೋ ಪೈಪು ಸ್ವಚ್ಛವಾಗಿರಬೇಕು. ಆಯಿಲ್, ಆಯಿಲ್ ಫಿಲ್ಟರ್, ಏರ್ ಫಿಲ್ಟರ್ ಹೊಸದಾಗಿರಬೇಕು. ಇಂಟರ್‌ಕೂಲರ್ ಬಿಚ್ಚಿ ತೊಳೆಯಬೇಕು. ಹಳೇ ಟರ್ಬೋದ ರೆಕ್ಕೆಯ ಚೂರು ಅದರಲ್ಲಿ ಕೂತಿದ್ದರೆ ಇಂಜಿನ್ನಿನೊಳಗೆ ಹೋಗಿ ಪಿಸ್ಟನ್ನನ್ನೇ ಕಡೀತದೆ. ಹೊಸ ಟರ್ಬೋ ಕೂರಿಸಿದ ಮೇಲೆ ಅದರ ಬಾಯಿಗೆ ಆಯಿಲ್ ಹನಿಸಿ, ಇಂಜಿನ್ ಶುರುವಾದ ಕೂಡಲೇ ಕಾಲು ಒತ್ತದೆ ಕೆಲವು ನಿಮಿಷ ಸುಮ್ಮನೆ ಬಿಡಬೇಕು.

ಇಂಟರ್‌ಕೂಲರಿನಲ್ಲಿ ಆಯಿಲ್ ತುಂಬಿಕೊಂಡರೆ ಇನ್ನೊಂದು ಘೋರ ಇದೆ. ಡೀಸೆಲ್ ಇಂಜಿನ್ ಆ ಆಯಿಲನ್ನೇ ಇಂಧನ ಮಾಡಿಕೊಂಡು ತಾನಾಗೇ ಓಡೋಕೆ ಶುರುಮಾಡ್ತದೆ. ಕೀ ತೆಗೆದರೂ ನಿಲ್ಲೋದಿಲ್ಲ. ವೇಗ ಏರ್ತಾ ಏರ್ತಾ ಇಂಜಿನ್ ಚೂರಾಗೋವರೆಗೂ ಹೋಗ್ತದೆ, ಊರೆಲ್ಲಾ ಬಿಳೀ ನೀಲಿ ಹೊಗೆ. ಗೇರಿನ ಗಾಡಿಯಾದರೆ ನಿಂತ ಜಾಗದಲ್ಲೇ ಬ್ರೇಕನ್ನು ಬಲವಾಗಿ ಒತ್ತಿ, ಮೇಲಿನ ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ ಇಂಜಿನ್ ಉಸಿರುಕಟ್ಟಿ ನಿಲ್ಲೋ ಸಾಧ್ಯತೆ ಉಂಟು. ಅದಾಗದಿದ್ದರೆ ಜನರನ್ನು ಇಳಿಸಿ ದೂರ ಸರಿಯೋದೇ ಕ್ಷೇಮ. ಬಾನೆಟ್ ಎತ್ತಿ ಸಾಹಸ ಬೇಡ. ನೀಲಿ ಹೊಗೆ ಬರ್ತಿದ್ದು, ಆಯಿಲ್ ಕಡ್ಡಿಯಲ್ಲಿ ಮಟ್ಟವೂ ಇಳೀತಿದ್ದರೆ ‘ಈ ಬಾಡಿಗೆ ಮುಗಿಸಿ ನೋಡೋಣ’ ಅನ್ನಬಾರದು.

ಆಯಿಲನ್ನು ಹೇಳಿದ ಕಿಲೋಮೀಟರಿಗೆ, ಹೇಳಿದ ಗ್ರೇಡಿನದ್ದೇ ಹಾಕಿಸಿದರೆ, ಘಾಟಿ ಹತ್ತಿ ಬಂದು ಹೋಟೆಲ್ ಮುಂದೆ ನಿಲ್ಲಿಸಿದ ಕೂಡಲೇ ಕೀ ತಿರುಗಿಸದೆ ಅರ್ಧ ನಿಮಿಷ, ಒಂದು ನಿಮಿಷ ಇಂಜಿನ್ ಹಾಗೇ ಬಿಟ್ಟರೆ, ಕೆಂಡವಾದ ಟರ್ಬೋದೊಳಗೆ ಆಯಿಲ್ ಸುಟ್ಟು ಕಲ್ಲಾಗೋದು ಕಮ್ಮಿ. ಕೂತವರು ‘ಯಾಕೆ ಡೀಸೆಲ್ ಸುಡ್ತೀಯಪ್ಪ?’ ಅಂತ ಕೇಳಿದರೆ ಈ ಪತ್ರಿಕೆ ತೋರಿಸಿ.

ರೀಕಂಡೀಷನ್ ಟರ್ಬೋ ಅಂತ ಅರ್ಧ ಬೆಲೆಗೆ ಕೊಡೋ ಅಂಗಡಿಗಳೂ ಇವೆ. ಎಲ್ಲಾ ಕೆಟ್ಟದ್ದಲ್ಲ. ತಿರುಗೋ ದಂಡವನ್ನು ಬ್ಯಾಲೆನ್ಸಿಂಗ್ ಮೆಷಿನ್ನಿನಲ್ಲಿ ಹಾಕಿ ನೋಡಿದ್ದಾರೋ ಇಲ್ಲವೋ ಅನ್ನೋದೇ ಪ್ರಶ್ನೆ. ನೋಡಿದ್ದರೆ ಅದರ ಚೀಟಿ ಕೊಡ್ತಾರೆ. ‘ಚೀಟಿ ಗೀಟಿ ಏನೂ ಬೇಡ, ನನ್ನ ಮಾತೇ ಗ್ಯಾರಂಟಿ’ ಅಂದರೆ ಬೇರೆ ಅಂಗಡಿ ನೋಡಿಕೊಳ್ಳಿ. ಮತ್ತೆ, ಬಿಚ್ಚಿದ ಹಳೇ ಟರ್ಬೋವನ್ನು ಗ್ಯಾರೇಜಿನಲ್ಲೇ ಬಿಟ್ಟು ಬರಬೇಡಿ. ಎಕ್ಸ್‌ಚೇಂಜಿಗೆ ಅದಕ್ಕೂ ಬೆಲೆ ಉಂಟು. ಬಿಲ್ಲಿನಲ್ಲಿ ಆ ದುಡ್ಡು ಕಳೆದಿದ್ದಾರೋ ಇಲ್ಲವೋ ನೋಡಿ, ಕಳೆದಿಲ್ಲವಾದರೆ ಗೋಣಿಚೀಲದಲ್ಲಿ ಹಾಕಿಸಿಕೊಂಡು ಡಿಕ್ಕಿಯಲ್ಲಿ ಇಟ್ಟುಕೊಂಡು ಬನ್ನಿ.